ಒಂದು ಕಿಲೋ ಏಳುನೂರಿಪ್ಪತ್ತು ಗ್ರಾಂ ಮನೆ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಟೆಂಟ್ ಇದೆ. ನಾಲ್ಕು ಜನರದ್ದು, ನೀಲಿ ಬಣ್ಣದ್ದು. ಎರಡು ಸಾವಿರದ ನಾನೂರು ರೂಪಾಯಿ ಕೊಟ್ಟು ನಾನೇ ತಂದದ್ದು. ಅದರ ಚೀಲದ ತಳದಲ್ಲಿ ಅಂಗೈ ಅಗಲದ ಒಂದು ಕಪ್ಪು ಗುರುತಿದೆ. ಈ ವಾರ ಆ ಗುರುತಿನ ಕತೆ. ಮಕ್ಕಳು ಸೈಕಲ್ ಪ್ರವಾಸಕ್ಕೆ ಎಂಥ ಟೆಂಟ್ ಬೇಕು ಅಂತ ತಿಳಿಯಲು ಓದಿ. ಅಜ್ಜ ಅಜ್ಜಿಯರು, ಬ್ಯಾಂಕಿನಲ್ಲಿ ಜೀವಮಾನವೆಲ್ಲ ಲೆಕ್ಕ ಬರೆದ ಮನುಷ್ಯ ಹೇಗೆ ಲೆಕ್ಕ ತಪ್ಪಿದ ಅಂತ ನೋಡಿ ನಗುವುದಕ್ಕಾದರೂ ಓದಿ.

ಒಂಬತ್ತನೇ ತರಗತಿಯಲ್ಲಿರುವ ನಮ್ಮ ಪುಟ್ಟಿಗೆ ಸೈಕಲ್ ಹುಚ್ಚು. ಅವಳಪ್ಪನಿಗೂ ಅದೇ. ಭಾನುವಾರ ಬೆಳಗ್ಗೆ ಐದಕ್ಕೇ ಇಬ್ಬರೂ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೋ ಕೆಆರ್‌ಎಸ್ ಕಡೆಗೋ ಹೊರಟುಬಿಡುತ್ತಾರೆ. ಹೋದ ವರ್ಷ ದಸರಾ ರಜೆಯಲ್ಲಿ ಅವರ ತಲೆಗೆ ಹೊಸದೊಂದು ಹೊಕ್ಕಿತು. ಸೈಕಲ್ಲಿಗೇ ಸಾಮಾನು ಕಟ್ಟಿಕೊಂಡು ಹೊರಟು, ರಾತ್ರಿ ಟೆಂಟಿನಲ್ಲಿ ಮಲಗಿ, ಮಾರನೇ ದಿನ ಮುಂದಕ್ಕೆ ಹೋಗುವುದು. ಇದಕ್ಕೆ ಈಗ ಬೈಕ್‌ಪ್ಯಾಕಿಂಗ್ ಅನ್ನುತ್ತಾರಂತೆ. ನಮ್ಮ ಕಾಲದಲ್ಲಿ ಸೈಕಲ್ಲಿನ ಹಿಂದೆ ಕ್ಯಾರಿಯರ್ ಇರುತ್ತಿತ್ತು, ಅದರ ಮೇಲೆ ಅಕ್ಕಿ ಮೂಟೆಯೂ ಬರುತ್ತಿತ್ತು, ಅತ್ತಿಗೆಯೂ ಬರುತ್ತಿದ್ದಳು. ಇವರ ಸೈಕಲ್ಲಿಗೆ ಕ್ಯಾರಿಯರೇ ಇಲ್ಲ! ಹ್ಯಾಂಡಲ್ಲಿಗೆ ಒಂದು ಸುರುಳಿ, ನಡುವಿನ ತ್ರಿಕೋನದಲ್ಲಿ ಒಂದು ಚೀಲ, ಸೀಟಿನ ಹಿಂದೆ ಒಂದು ಚೀಲ. ಅಷ್ಟೇ ಜಾಗ.

ಪಾಂಡವಪುರದ ಆಚೆ, ತೊಣ್ಣೂರು ಕೆರೆಯ ಕಡೆ ನನ್ನ ಹಳೆಯ ಸಹೋದ್ಯೋಗಿಯ ತೆಂಗಿನ ತೋಟವಿದೆ. ಅಲ್ಲಿ ರಾತ್ರಿ ಉಳಿದು ಬೆಳಗ್ಗೆ ಮೇಲುಕೋಟೆ ಬೆಟ್ಟ ಹತ್ತುವುದು ಅಂತ ಆಯಿತು. ಟೆಂಟ್ ತರುವ ಕೆಲಸ ನಾನೇ ವಹಿಸಿಕೊಂಡೆ. ಅಂಗಡಿಯಲ್ಲಿ ಇಬ್ಬರದ್ದಕ್ಕೂ ನಾಲ್ವರದ್ದಕ್ಕೂ ಮುನ್ನೂರೇ ರೂಪಾಯಿ ವ್ಯತ್ಯಾಸ. ಮುನ್ನೂರಕ್ಕೆ ಇನ್ನಿಬ್ಬರ ಜಾಗ ಸಿಗುವಾಗ ಬಿಡುವುದುಂಟೆ? ಮನೆಗೆ ತಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪುಟ್ಟಿ ಅದನ್ನು ಎತ್ತಿ ನೋಡಿ, "ತಾತ, ಸ್ವಲ್ಪ ಭಾರ ಅಲ್ವಾ?" ಅಂದಳು. "ಗಟ್ಟಿ ಮಾಲು ಕಣಮ್ಮ" ಅಂದೆ.

ಪಾಂಡವಪುರ ಇನ್ನೂ ಎರಡು ಕಿಲೋಮೀಟರ್ ಇರುವಾಗ ಒಂದು ಹಂಪ್ಸಿನ ಹತ್ತಿರ ಅವಳು ಬಿದ್ದಳು. ಗಲ್ಲಕ್ಕೆ ಮೂರು ಹೊಲಿಗೆ, ಮಣಿಕಟ್ಟು ಊದಿಕೊಂಡಿತ್ತು. ಮಗ ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಂದ ಫೋನ್ ಮಾಡಿದ. ರಾತ್ರಿ ಮನೆಗೆ ಬಂದ ಮೇಲೆ ನನ್ನ ಸೊಸೆ ಒಂದೇ ಮಾತು ಹೇಳಿದಳು: "ಸೈಕಲ್ ಇನ್ನು ಮೂಲೆಗೆ." ಹೇಗೆ ಬಿದ್ದೆ ಅಂತ ಕೇಳಿದ್ದಕ್ಕೆ ಪುಟ್ಟಿ, "ಹಂಪ್ಸ್ ನೋಡಲಿಲ್ಲಮ್ಮ, ನನ್ನದೇ ತಪ್ಪು" ಅಂದಳು.

ಎರಡು ದಿನದ ಮೇಲೆ ಟೆಂಟನ್ನು ಒಳಗಿಡೋಣ ಅಂತ ಎತ್ತಿದಾಗ ಚೀಲದ ತಳ ಕಾಣಿಸಿತು. ಬಟ್ಟೆ ಸವೆದು ಕಪ್ಪಾಗಿತ್ತು, ರಬ್ಬರಿನ ವಾಸನೆ. ಹಂಪ್ಸಿನ ಮೇಲೆ ಸೈಕಲ್ ಕುಕ್ಕಿದಾಗ ಚೀಲ ಜಗ್ಗಿ ಮುಂದಿನ ಟೈರಿಗೆ ತಾಗಿದೆ, ಚಕ್ರ ನಿಂತಿದೆ, ಹುಡುಗಿ ಹ್ಯಾಂಡಲ್ಲಿನ ಮೇಲಿಂದ ಮುಗ್ಗರಿಸಿದ್ದಾಳೆ. ಅವಳನ್ನು ಕರೆದು ಚೀಲ ತೋರಿಸಿದೆ. ಪುಟ್ಟಿ ನೆಲ ನೋಡಿಕೊಂಡು, "ಅಮ್ಮ ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ತಾರೆ ಅಂತ ಹೇಳಲಿಲ್ಲ ತಾತ" ಅಂದಳು.

ಹದಿನಾಲ್ಕು ವರ್ಷದ ಹುಡುಗಿ, ಗಲ್ಲದ ಮೇಲೆ ಪಟ್ಟಿ, ಎಪ್ಪತ್ನಾಲ್ಕು ವರ್ಷದ ಮುದುಕನನ್ನು ಕಾಪಾಡಲು ಸುಳ್ಳು ಹೇಳಿದ್ದಳು. ಅವತ್ತು ರಾತ್ರಿ ಊಟ ಸೇರಲಿಲ್ಲ. ಸೊಸೆಯ ಹತ್ತಿರ ಹೋಗಿ ಚೀಲ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾವ, ಹಾಗಿದ್ದರೆ ಸೈಕಲ್ ಮೂಲೆಗೆ ಹಾಕುವುದಲ್ಲ, ಟೆಂಟ್ ಹಾಕಬೇಕು. ಸರಿಯಾದ್ದನ್ನ ಹುಡುಕಿ. ಆದರೆ ನಾನು ಪರೀಕ್ಷೆ ಮಾಡಿ ಒಪ್ಪಿದ ಮೇಲೇ ಹೊರಡೋದು" ಅಂದಳು.

ಹೀಗೆ ನಾನು ಮತ್ತೆ ವಿದ್ಯಾರ್ಥಿಯಾದೆ. ಹಳೆಯ ಲೆಡ್ಜರ್ ಥರದ್ದೊಂದು ಪುಸ್ತಕ ತಂದು ಗೆರೆ ಹಾಕಿದೆ.

ಮೊದಲು ಅಳತೆಪಟ್ಟಿ ಹಿಡಿದು ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಹ್ಯಾಂಡಲ್ಲಿನ ಕೆಳಗಿನಿಂದ ಟೈರಿನ ಮೇಲಕ್ಕೆ ಹತ್ತೊಂಬತ್ತು ಸೆಂಟಿಮೀಟರ್. ನಾನು ತಂದ ಟೆಂಟಿನ ಸುರುಳಿಯ ದಪ್ಪ ಹದಿನೆಂಟು. ಉಳಿದದ್ದು ಒಂದೇ ಒಂದು ಸೆಂಟಿಮೀಟರ್. ಉದ್ದ ಅರವತ್ತೆರಡು, ಹ್ಯಾಂಡಲ್ಲಿಗಿಂತಲೂ ಹೆಚ್ಚು, ಬ್ರೇಕಿನ ಹಿಡಿಗೆ ಒತ್ತುತ್ತಿತ್ತು. ತೂಕ ಮೂರು ಕಿಲೋ ಆರುನೂರು ಗ್ರಾಂ. ಇದನ್ನೆಲ್ಲ ಅಂಗಡಿಗೆ ಹೋಗುವ ಮುಂಚೆ ಹತ್ತು ನಿಮಿಷದಲ್ಲಿ ಅಳೆಯಬಹುದಿತ್ತು. ಮಕ್ಕಳೇ, ಸೈಕಲ್ ಪ್ರವಾಸದ ಟೆಂಟ್ ಆರಿಸುವ ಕೆಲಸ ಟೆಂಟಿನಿಂದಲ್ಲ, ಸೈಕಲ್ಲಿನಿಂದ ಶುರುವಾಗುತ್ತದೆ. ಚಿಕ್ಕವರ ಸೈಕಲ್ ಚಿಕ್ಕದು, ಅಲ್ಲಿ ಜಾಗ ಇನ್ನೂ ಕಡಿಮೆ. ರೇಸ್ ಸೈಕಲ್ಲಿನ ಹಾಗೆ ಹ್ಯಾಂಡಲ್ ಕೆಳಕ್ಕೆ ಬಾಗಿದ್ದರಂತೂ ಎರಡು ಕೊಂಬುಗಳ ನಡುವೆ ಹಿಡಿಸುವಷ್ಟೇ ಉದ್ದದ ಸುರುಳಿ ಬೇಕು.

ಉದ್ದಕ್ಕೆ ಕಾರಣ ಬಟ್ಟೆಯಲ್ಲ, ಕೋಲು. ಬಟ್ಟೆಯನ್ನು ಹೇಗೆ ಬೇಕಾದರೂ ಮುದುರಬಹುದು. ಕೋಲು ತುಂಡುತುಂಡಾಗಿ ಮಡಚಿಕೊಳ್ಳುತ್ತದೆ, ಒಳಗೆ ಎಲಾಸ್ಟಿಕ್ ದಾರ ಇರುತ್ತದೆ, ಆದರೆ ಒಂದೊಂದು ತುಂಡು ಎಷ್ಟುದ್ದವೋ ಅದಕ್ಕಿಂತ ಗಿಡ್ಡವಾಗುವುದಿಲ್ಲ. ಸೈಕಲ್ಲಿನವರಿಗಾಗಿಯೇ ಮಾಡಿದ ಟೆಂಟುಗಳಲ್ಲಿ ಈ ತುಂಡುಗಳು ಸುಮಾರು ಒಂದು ಅಡಿ ಉದ್ದ ಇರುತ್ತವೆ, ಬೆಲೆಯೂ ಅದಕ್ಕೆ ತಕ್ಕಂತೆ. ನಡೆದು ಬೆಟ್ಟ ಹತ್ತುವವರ ಟೆಂಟಿನಲ್ಲಿ ನಲವತ್ತು, ನಲವತ್ತೈದು ಸೆಂಟಿಮೀಟರ್. ಅಗ್ಗದ್ದರಲ್ಲಿ ಫೈಬರ್‌ಗ್ಲಾಸ್ ಕೋಲು, ಭಾರ, ಮುರಿದರೆ ಚಕ್ಕೆಚಕ್ಕೆಯಾಗಿ ಕೈಗೆ ಚುಚ್ಚುತ್ತದೆ. ಅಲ್ಯೂಮಿನಿಯಂ ಹಗುರ, ಬಾಗಿದರೂ ಹೇಗೋ ನೆಟ್ಟಗೆ ಮಾಡಿಕೊಂಡು ಊರು ಸೇರಬಹುದು.

ಇನ್ನು ತೂಕ. ಇಲ್ಲಿ ಬ್ಯಾಂಕಿನ ಬುದ್ಧಿ ಕೆಲಸಕ್ಕೆ ಬಂತು. ಟೆಂಟಿನ ಮೇಲೆ ಎರಡು ತೂಕ ಬರೆದಿರುತ್ತಾರೆ, ಕೆಲವರು ಒಂದನ್ನೇ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ದಪ್ಪಗೆ ಬರೆದದ್ದು ಹೆಚ್ಚಾಗಿ ಬಟ್ಟೆ ಮತ್ತು ಕೋಲಿನದ್ದು ಮಾತ್ರ. ಗೂಟ, ಹಗ್ಗ, ಚೀಲ ಎಲ್ಲ ಸೇರಿದ್ದು ಬೇರೆ. ಸಂಬಳದ ಚೀಟಿಯಲ್ಲಿ ಗ್ರಾಸ್ ಮತ್ತು ನೆಟ್ ಇದ್ದ ಹಾಗೆ. ನಾವು ಹೊರುವುದು ಗ್ರಾಸ್! ನಾವು ಕಡೆಗೆ ಕೊಂಡ ಇಬ್ಬರ ಟೆಂಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟು ಬರೆದುಕೊಂಡೆ. ಹೊರಹೊದಿಕೆ 560 ಗ್ರಾಂ, ಒಳಗಿನ ಬಲೆಯ ಗೂಡು 520, ಕೋಲು 390. ಪೆಟ್ಟಿಗೆಯ ಮೇಲೆ ಬರೆದಿದ್ದ 1470 ಅಲ್ಲಿಗೆ ಮುಗಿಯಿತು. ಹದಿಮೂರು ಗ್ರಾಮಿನ ಗೂಟ ಹನ್ನೆರಡು, ಅಂದರೆ 156. ಹಗ್ಗ, ಚೀಲ 94. ಒಟ್ಟು 1720. ನನ್ನವಳು ತಕ್ಕಡಿ ವಾಪಸು ಕೇಳುತ್ತಾ, "ಬ್ಯಾಂಕಲ್ಲಿ ಇಷ್ಟು ಶ್ರದ್ಧೆ ಇದ್ದಿದ್ದರೆ ಮ್ಯಾನೇಜರ್ ಆಗಿರ್ತಿದ್ರಿ" ಅಂದಳು.

ಬಟ್ಟೆಯ ವಿಷಯದಲ್ಲಿ ಒಂದು ಸ್ವಾರಸ್ಯ ಕಂಡೆ. ಟೆಂಟಿನ ಚೀಟಿಯಲ್ಲಿ 20ಡಿ, 40ಡಿ, 70ಡಿ ಅಂತ ಇರುತ್ತದೆ. ಡಿ ಅಂದರೆ ಡೆನಿಯರ್. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಒಂಬತ್ತು ಕಿಲೋಮೀಟರ್ ಅಂದರೆ ಮೈಸೂರಿನಿಂದ ಶ್ರೀರಂಗಪಟ್ಟಣದ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಅಷ್ಟುದ್ದದ ಎಳೆ ಬರೀ ಇಪ್ಪತ್ತು ಗ್ರಾಂ! ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರಿಗೆ ಇದು ಹೊಸದಲ್ಲ, ಅವರು ದಿನವೂ ಡೆನಿಯರ್‌ನಲ್ಲೇ ಮಾತಾಡುತ್ತಾರೆ. ಆ ಮಾತು ಬಂದದ್ದೇ ರೇಷ್ಮೆ ತೂಗಲು ಬಳಸುತ್ತಿದ್ದ ಫ್ರಾನ್ಸಿನ ಹಳೆಯ ನಾಣ್ಯದ ಹೆಸರಿನಿಂದ. ಕ್ಯಾಷ್ ಕೌಂಟರಿನಲ್ಲಿ ಚಿಲ್ಲರೆ ಎಣಿಸಿದ ನನಗೆ ಇದು ತಿಳಿದು ಬಹಳ ಖುಷಿಯಾಯಿತು. ಡೆನಿಯರ್ ಕಡಿಮೆಯಾದಷ್ಟೂ ಬಟ್ಟೆ ಹಗುರ, ಆದರೆ ಮುಳ್ಳಿಗೆ ಬೇಗ ಹರಿಯುತ್ತದೆ. ನಮ್ಮ ಬಯಲುಸೀಮೆಯ ಜಾಲಿಮುಳ್ಳು ನೆನೆದು ತೀರ ತೆಳ್ಳಗಿನದನ್ನು ನಾನು ಬಿಟ್ಟೆ.

ಮಳೆ ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಇದನ್ನು ನನಗೆ ಬಿಡಿಸಿ ಹೇಳಿದವಳು ಸೊಸೆ. ಬಟ್ಟೆಯ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರಕ್ಕೆ ಬಂದಾಗ ಕೆಳಗೆ ಹನಿ ಜಿನುಗುತ್ತದೋ ಅದೇ ಆ ಬಟ್ಟೆಯ ಅಂಕ. 1500 ಅಂದರೆ ಒಂದೂವರೆ ಮೀಟರ್ ನೀರನ್ನು ಹೊರುತ್ತದೆ. ಮೇಲಿನ ಹೊದಿಕೆಗೆ ಅಷ್ಟಿದ್ದರೆ ಮಳೆಗೆ ಸಾಮಾನ್ಯವಾಗಿ ಸಾಕು ಅನ್ನುತ್ತಾರೆ. ನೆಲಕ್ಕೆ ಇನ್ನೂ ಹೆಚ್ಚು ಬೇಕು, ಯಾಕೆಂದರೆ ನಾವು ಮಂಡಿ ಊರಿದಾಗ ಒದ್ದೆ ನೆಲದ ನೀರನ್ನು ಒತ್ತಿ ಒಳಕ್ಕೆ ಕರೆಯುತ್ತೇವೆ. ನಮ್ಮದು ಮೇಲೆ 2000, ಕೆಳಗೆ 3000. ಹೊಲಿಗೆಗಳ ಮೇಲೆ ಒಳಗಡೆಯಿಂದ ಪಟ್ಟಿ ಅಂಟಿಸಿದೆಯೋ ಅಂತಲೂ ನೋಡಬೇಕು. ಬಟ್ಟೆ ಎಷ್ಟು ಗಟ್ಟಿಯಿದ್ದರೂ ಸೂಜಿಯ ತೂತು ತೂತೇ.

ಇಷ್ಟೆಲ್ಲ ಆದ ಮೇಲೂ ಒಂದು ವಿಷಯದಲ್ಲಿ ಮತ್ತೆ ಎಡವುತ್ತಿದ್ದೆ. ಒಂದೇ ಪದರದ, ಒಂದು ಕಿಲೋಗಿಂತ ಹಗುರವಾದ ಟೆಂಟ್ ನನಗೆ ಬಹಳ ಹಿಡಿಸಿತ್ತು. ಅದಕ್ಕೆ ಕೋಲೇ ಇಲ್ಲ, ಬೆಟ್ಟ ಹತ್ತುವವರು ತಮ್ಮ ಊರುಗೋಲಿನ ಮೇಲೇ ಅದನ್ನು ನಿಲ್ಲಿಸುತ್ತಾರೆ. ಪುಟ್ಟಿ, "ತಾತ, ಸೈಕಲ್ಲಲ್ಲಿ ಹೋಗೋರ ಹತ್ರ ಊರುಗೋಲು ಎಲ್ಲಿರುತ್ತೆ? ನಿನ್ನ ಕೋಲು ಕೊಡ್ತೀಯಾ?" ಅಂದಳು. ಸೊಸೆ ಇನ್ನೊಂದು ಹೇಳಿದಳು. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನೀರು ಕೂರುವ ಹಾಗೆ, ಮಲಗಿದವರ ಉಸಿರಿನ ಆವಿ ತಣ್ಣನೆಯ ಹೊದಿಕೆಗೆ ತಾಗಿ ನೀರಾಗುತ್ತದೆ. ಒಂದೇ ಪದರವಾದರೆ ಅದು ನೇರ ಹಾಸಿಗೆಗೆ. ಒಳಗೆ ಬಲೆಯ ಗೂಡು, ಮೇಲೆ ಬೇರೆ ಹೊದಿಕೆ, ನಡುವೆ ಗಾಳಿ ಇದ್ದರೆ ಹನಿ ಹೊದಿಕೆಯ ಮೇಲೇ ಜಾರಿ ಹೋಗುತ್ತದೆ. ಬಲೆ ಇದ್ದರೆ ಸೊಳ್ಳೆಯೂ ಬರುವುದಿಲ್ಲ. (ಸೊಳ್ಳೆಬತ್ತಿ, ಸ್ಟವ್, ದೀಪ ಯಾವುದನ್ನೂ ಟೆಂಟಿನೊಳಗೆ ಹಚ್ಚಬೇಡಿ. ಈ ಬಟ್ಟೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉರಿಯುತ್ತದೆ, ಹೊಗೆಯೂ ಪ್ರಾಣಕ್ಕೆ ಅಪಾಯ.)

ಹೊಸ ಟೆಂಟಿಗೆ ಹನ್ನೊಂದು ಸಾವಿರದ ಎಂಟುನೂರು ರೂಪಾಯಿ. ಡಿಪಾಸಿಟ್ಟಿನ ಮೂರು ತಿಂಗಳ ಬಡ್ಡಿ ಅದಕ್ಕೇ ಹೋಯಿತು.

ಸೊಸೆಯ ಪರೀಕ್ಷೆ ಜನವರಿಯಲ್ಲಿ ನಮ್ಮ ತಾರಸಿಯ ಮೇಲೆ ನಡೆಯಿತು. ತಾರಸಿಗೆ ಗೂಟ ಹೊಡೆಯಲು ಆಗುತ್ತದೆಯೇ? ಕೋಲಿನ ಬಲದ ಮೇಲೆ ತಾನಾಗಿ ನಿಲ್ಲುವ ಟೆಂಟಾದ್ದರಿಂದ ಬಚಾವಾದೆವು. ಬಂಡೆಯ ಮೇಲೆ, ಶಾಲೆಯ ಜಗಲಿಯ ಮೇಲೆ ಮಲಗಬೇಕಾದಾಗಲೂ ಇದೇ ಅನುಕೂಲ. ಆದರೂ ಗಾಳಿಗೆ ಹಾರಬಾರದಲ್ಲ, ನಾಲ್ಕು ಮೂಲೆಗೆ ಇಟ್ಟಿಗೆ ಕಟ್ಟಿದೆವು. ಪುಟ್ಟಿಯೂ ನಾನೂ ಒಳಗೆ ಮಲಗಿದೆವು. ಇಬ್ಬರದ್ದು ಅಂತ ಹೆಸರು, ಆದರೆ ಒಂದೂವರೆ ಜನಕ್ಕೆ ಸರಿ. ನಾನು ಮಗ್ಗುಲು ಬದಲಿಸಿದರೆ ಅವಳೂ ಬದಲಿಸಬೇಕು. ಕೂತರೆ ನನ್ನ ಮಂಕಿ ಟೋಪಿ ಮೇಲಕ್ಕೆ ತಾಗುತ್ತಿತ್ತು. ಬಾಗಿಲು ಪಕ್ಕದಲ್ಲಿ ಇದ್ದದ್ದು ಪುಣ್ಯ. ತಲೆಯ ಕಡೆ ಇದ್ದಿದ್ದರೆ ರಾತ್ರಿ ಎರಡು ಸಲ ಏಳುವ ನನ್ನಂಥವನು ತೆವಳಿಕೊಂಡೇ ಹೋಗಬೇಕಿತ್ತು. ಬೆಳಗಿನ ಜಾವ ಹೊದಿಕೆಯ ಒಳಗೆ ಸಾಲುಸಾಲು ಹನಿ, ನಮ್ಮ ಮೇಲೆ ಒಂದೂ ಇಲ್ಲ. ಆರು ಗಂಟೆಗೆ ಸೊಸೆ ಹೇಳದೆ ಕೇಳದೆ ಬಂದು ಪೈಪಿನಲ್ಲಿ ಅರ್ಧ ಗಂಟೆ ನೀರು ಬಿಟ್ಟಳು. ಕಡೆಗೆ ತಲೆ ಒಳಗೆ ಹಾಕಿ ನೆಲ ಮುಟ್ಟಿ ನೋಡಿ, "ಸರಿ" ಅಂದಳು. ಮೌಲ್ಯಮಾಪನದಲ್ಲಿ ಅವಳು ಮಕ್ಕಳಿಗೆ ಅಷ್ಟು ಸುಲಭವಾಗಿ ಸರಿ ಹಾಕುವವಳಲ್ಲ.

ಈ ಹುಚ್ಚು ಹೊಸದು ಅಂದುಕೊಂಡಿದ್ದೆ, ಅಲ್ಲವಂತೆ. ಇಂಗ್ಲೆಂಡಿನಲ್ಲಿ ಥಾಮಸ್ ಹೈರಂ ಹೋಲ್ಡಿಂಗ್ ಅಂತ ಒಬ್ಬ ದರ್ಜಿ ಇದ್ದ. ಸೈಕಲ್ಲಿನ ಮೇಲೆ ಒಯ್ಯುವಂಥ ಪುಟ್ಟ ಟೆಂಟನ್ನು ತಾನೇ ಯೋಚಿಸಿ ಮಾಡಿಕೊಂಡು ಐರ್ಲೆಂಡಿನ ಕಾನೆಮಾರಾ ಸುತ್ತಿ, 1898ರಲ್ಲಿ ಅದರ ಮೇಲೊಂದು ಪುಸ್ತಕವನ್ನೂ ಬರೆದ. 1901ರಲ್ಲಿ ಅವನೂ ಗೆಳೆಯರೂ ಸೇರಿ ಸೈಕಲ್ ಶಿಬಿರದವರ ಸಂಘ ಕಟ್ಟಿದರು. ಅದೇ ಬೆಳೆದು ಇವತ್ತಿನ ದೊಡ್ಡ ಕ್ಯಾಂಪಿಂಗ್ ಕ್ಲಬ್ ಆಗಿದೆ. ನೈಲಾನ್ ಇನ್ನೂ ಹುಟ್ಟಿರದ ಕಾಲ. ದರ್ಜಿಗೆ ಬಟ್ಟೆಯ ತೂಕ ಬೆರಳಿನಲ್ಲೇ ಗೊತ್ತಾಗುತ್ತಿತ್ತು ಅಂತ ಕಾಣುತ್ತದೆ.

ಏಪ್ರಿಲ್ ಕೊನೆಯ ವಾರ ಹೊರಟರು. ಈ ಸಲ ಟೆಂಟನ್ನು ಒಂದೇ ಚೀಲದಲ್ಲಿ ತುರುಕಲಿಲ್ಲ. ಒಳಗೂಡು ಮಾತ್ರ ಪುಟ್ಟಿಯ ಹ್ಯಾಂಡಲ್ಲಿಗೆ, ಬರೀ 520 ಗ್ರಾಂ, ಟೈರಿಗೂ ಅದಕ್ಕೂ ನಡುವೆ ಗೇಣು ಅಲ್ಲದಿದ್ದರೂ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ. ಕೋಲು ಅವಳ ಸೈಕಲ್ಲಿನ ನಡುವಿನ ದಂಡಕ್ಕೆ ಬೆಲ್ಟಿನಲ್ಲಿ ಬಿಗಿದದ್ದು. ಹೊದಿಕೆ, ಗೂಟ, ಹಗ್ಗ ಎಲ್ಲ ಅವಳಪ್ಪನ ಪಾಲು. ಹೊದಿಕೆ ಬೇರೆ ಇದ್ದರೆ ಇನ್ನೊಂದು ಲಾಭ, ಬೆಳಗ್ಗೆ ಅದು ಒದ್ದೆಯಿದ್ದರೂ ಒಳಗೂಡು ಒದ್ದೆಯಾಗುವುದಿಲ್ಲ. ಹೊರಡುವ ಮುಂಚೆ ಸೊಸೆ ಹ್ಯಾಂಡಲ್ ಎತ್ತಿ ಎತ್ತಿ ನೆಲಕ್ಕೆ ಕುಕ್ಕಿ ನೋಡಿದಳು. ಏನೂ ಜಗ್ಗಲಿಲ್ಲ.

ನಾನು ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋಗಿ ಗೆಳೆಯನ ತೋಟದಲ್ಲಿ ಅವರಿಗಿಂತ ಮೊದಲೇ ಕೂತಿದ್ದೆ. ಮೇಲುಕೋಟೆಯ ಸುತ್ತ ಕಾಡಿರುವುದು ತೋಳಗಳಿಗಾಗಿ ಉಳಿಸಿದ ಅಭಯಾರಣ್ಯ, ಅಂಥ ಕಡೆ ನಮ್ಮಿಷ್ಟಕ್ಕೆ ಟೆಂಟ್ ಹಾಕುವಂತಿಲ್ಲ. ಪರಿಚಯದವರ ಜಾಗ, ಕೇಳಿಕೊಂಡು ಹಾಕಿದರೆ ನಿಶ್ಚಿಂತೆ. ಸಾಯಂಕಾಲ ಪುಟ್ಟಿ ಸೈಕಲ್ಲಿನಿಂದಿಳಿದು ನಕ್ಕಾಗ ಗಲ್ಲದ ಗಾಯದ ಗೆರೆಯೂ ಅಗಲವಾಯಿತು. ಬಾವಿಯ ಪಕ್ಕ ಒಳ್ಳೆ ನೆರಳು ನೋಡಿ ಟೆಂಟ್ ಬಿಚ್ಚತೊಡಗಿದಳು. ಗೆಳೆಯ ಮೇಲೆ ಕೈ ತೋರಿಸಿದ. ತೆಂಗಿನ ಮರ, ಬಲಿತ ಕಾಯಿ! ಯಾವ ಅಂಗಡಿಯ ಚೀಟಿಯಲ್ಲೂ ಬರೆದಿರದ ಎಚ್ಚರಿಕೆ ಅದು. ಮರಗಳಿಂದ ದೂರ, ಮೆಣಸಿನ ಮಡಿಯ ಆಚೆ ಸ್ವಲ್ಪ ಎತ್ತರದ ಜಾಗಕ್ಕೆ ಸರಿಸಿದರು. ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಟೆಂಟಿನ ನೆಲಕ್ಕಿಂತ ನಾಲ್ಕು ಬೆರಳು ಒಳಕ್ಕೆ ಮಡಚಿದಳು. ಹೊರಗೆ ಚಾಚಿಕೊಂಡಿದ್ದರೆ ಮಳೆನೀರನ್ನು ಹಿಡಿದು ಅಡಿಗೆ ತಂದು ನಿಲ್ಲಿಸುತ್ತದೆ. ಇದು ನಾನು ಹೇಳಿಕೊಟ್ಟದ್ದು, ಅವಳು ಮರೆತಿರಲಿಲ್ಲ.

ನಾನು ಮನೆಯ ಜಗಲಿಯ ಮೇಲೆ ಮಲಗಿದೆ. ಎರಡು ಗಂಟೆಗೆ ಗುಡುಗು, ಹಿಂದೆಯೇ ಮಳೆ. ಏಪ್ರಿಲ್ ಮಳೆ ಗೊತ್ತಲ್ಲ, ಮೊದಲು ಗಾಳಿ, ಆಮೇಲೆ ಬಿಂದಿಗೆಯಲ್ಲಿ ಸುರಿದ ಹಾಗೆ. ಗಂಟೆ ಇಪ್ಪತ್ತು ನಿಮಿಷ ಹಿಡಿದೇ ಇತ್ತು. ಗುಡುಗು ದೂರವಾದದ್ದೇ ತಡ, ಇರಲಾರದೆ ಗೆಳೆಯನ ಕೊಡೆ, ಟಾರ್ಚ್ ತೆಗೆದುಕೊಂಡು ಕೆಸರಿನಲ್ಲಿ ನಡೆದೆ. ನೈಲಾನ್ ಬಟ್ಟೆ ನೆನೆದರೆ ಸ್ವಲ್ಪ ಜೋಲುತ್ತದೆ, ಹಗ್ಗ ಬಿಗಿ ಮಾಡಬೇಕು ಅಂತ ಅವರಿಗೆ ಹೇಳಿದ್ದೆನೋ ಇಲ್ಲವೋ ಅನ್ನುವ ಯೋಚನೆ. ಹತ್ತಿರ ಹೋಗಿ ಟಾರ್ಚ್ ಬಿಟ್ಟು ನೋಡಿದರೆ ಹಗ್ಗಗಳು ತಂಬೂರಿಯ ತಂತಿಯ ಹಾಗಿದ್ದವು.

"ಪುಟ್ಟೀ" ಅಂದೆ.

ಒಳಗಿನಿಂದ ಜಿಪ್ ಸರಿದ ಸದ್ದು. ನಿದ್ದೆಗಣ್ಣಿನ ಮುಖವೊಂದು ಹೊರಗೆ ಬಂತು.

"ಒದ್ದೆ ಆಯ್ತಾ ಕಂದ?"

"ಇಲ್ಲ ತಾತ, ಒಳಗೆಲ್ಲ ಒಣಗೇ ಇದೆ. ಅಪ್ಪ ಗೊರಕೆ ಹೊಡೀತಿದ್ದಾರೆ" ಅಂದಳು. ಆಮೇಲೆ ನನ್ನ ಕಡೆ ಟಾರ್ಚ್ ಬಿಟ್ಟು, "ನಿನ್ನ ಪಂಚೆಯೆಲ್ಲ ನೆನೆದುಹೋಗಿದೆ. ಕೊಡೆ ತೂತು ಕಣೋ ತಾತ, ಮೊದಲು ಒಳಗೆ ಹೋಗಿ ಮಲ್ಕೋ!"